ಅನುಮೋದಕರು: ಚಿಕ್ಕಬಸಮ್ಮ

ಸೀಗೆಪುರ ಪಟ್ಟಣ ಪಂಚಾಯ್ತಿಯ ಸಾಮಾನ್ಯ ಸಭೆ ತಿಂಗಳಿನ ಎರಡನೇ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸೇರುತ್ತದೆ. ಆ ಸಭೆಯಲ್ಲಿ ಏನೇನು ನಡೆಯಿತು ಎಂಬುದನ್ನು ನಾನು ಬುಧವಾರ ಮಧ್ಯಾಹ್ನ ಊಟವಾದ ಮೇಲೆ ಕೂತು ಬರೆದು ಮುಗಿಸಿರುತ್ತಿದ್ದೆ.

ಹುಬ್ಬೇರಿಸುವವರು ಏರಿಸಿಕೊಳ್ಳಲಿ. ಅವರು ಒಂದೇ ಒಂದು ಸಭೆಗೆ ಬಂದು ಕೂತು ನೋಡಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಹದಿಮೂರು ಸದಸ್ಯರು ಏಕಕಾಲಕ್ಕೆ ಬಾಯಿ ತೆರೆಯುತ್ತಾರೆ. ಒಬ್ಬರು ಚರಂಡಿ ಎಂದರೆ ಇನ್ನೊಬ್ಬರು ಬೀದಿನಾಯಿ ಎನ್ನುತ್ತಾರೆ, ಅಷ್ಟರಲ್ಲಿ ಮೂರನೆಯವರು ಎದ್ದು ಮಗಳ ಮದುವೆ ಕಾರ್ಡು ಹಂಚಲು ಶುರು ಮಾಡುತ್ತಾರೆ. ಇದನ್ನು ಇದ್ದದ್ದು ಇದ್ದ ಹಾಗೆ ಬರೆದು ಜಿಲ್ಲಾ ಕಚೇರಿಗೆ ಕಳಿಸಿದರೆ ಊರಿನ ಮಾನ ಏನಾಗಬೇಕು? ಹಾಗಾಗಿ ವಿಷಯಸೂಚಿಯನ್ನು ಮುಂದಿಟ್ಟುಕೊಂಡು, ಸಭೆ ಹೇಗೆ ನಡೆಯಬೇಕಿತ್ತೋ ಹಾಗೆ ನಾನೇ ಮುಂಚಿತವಾಗಿ ನಡೆಸಿಬಿಡುತ್ತಿದ್ದೆ. ನನ್ನ ಪುಸ್ತಕದಲ್ಲಿ ಯಾರೂ ಯಾರ ಮಾತಿಗೂ ಅಡ್ಡ ಬಾಯಿ ಹಾಕುವುದಿಲ್ಲ. ಎಲ್ಲರೂ ‘ಸುದೀರ್ಘವಾಗಿ ಚರ್ಚಿಸಿ’, ‘ಸರ್ವಾನುಮತದಿಂದ’ ತೀರ್ಮಾನಿಸುತ್ತಾರೆ. ಗುರುವಾರ ಗಲಾಟೆ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಕೊನೆಯ ಪುಟದಲ್ಲಿ ಸಹಿ ಹಾಕಿ, ಓದುವ ಗೋಜಿಗೆ ಹೋಗದೆ, ತಿಂಡಿಯ ಪೊಟ್ಟಣ ಹಿಡಿದು ಮನೆಗೆ ಹೊರಡುತ್ತಿದ್ದರು.

ನನ್ನ ಹೆಸರು ಶಿವರುದ್ರಸ್ವಾಮಿ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿರುವ ಈ ಊರಿನ ಪಂಚಾಯ್ತಿಯಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತ. ಸಭೆಯ ವರದಿ ಬರೆಯುವ ನಡಾವಳಿ ಪುಸ್ತಕ, ಆ ದಪ್ಪ ಕೆಂಪು ರಟ್ಟಿನ ಪುಸ್ತಕ, ಇಷ್ಟು ವರ್ಷದಲ್ಲಿ ನನ್ನ ಕೈಬಿಟ್ಟು ಬೇರೆಯವರ ಕೈಗೆ ಹೋದದ್ದಿಲ್ಲ. ಐದು ಜನ ಅಧ್ಯಕ್ಷರು, ಒಂಬತ್ತು ಜನ ಮುಖ್ಯಾಧಿಕಾರಿಗಳು ಬಂದು ಹೋದರು. ಆಡಿಟ್ಟಿಗೆ ಬಂದವರು ಕೂಡ ನನ್ನ ಅಕ್ಷರ ನೋಡಿ, ಇಂಥ ಪುಸ್ತಕ ಜಿಲ್ಲೆಯಲ್ಲೇ ಇಲ್ಲ ಎಂದಿದ್ದಾರೆ. ನಿವೃತ್ತಿಗೆ ಇನ್ನು ಏಳೇ ತಿಂಗಳು ಉಳಿದಿದ್ದವು.

ಇದರಲ್ಲಿ ಇದ್ದ ಒಂದೇ ತೊಡಕು ಸೂಚಕರು ಮತ್ತು ಅನುಮೋದಕರದು. ಯಾವ ತೀರ್ಮಾನವಾದರೂ ಅದನ್ನು ಮುಂದಿಟ್ಟವರೊಬ್ಬರು, ಹೌದೆಂದು ಬೆಂಬಲಿಸಿದವರೊಬ್ಬರು, ಹೀಗೆ ಎರಡು ಹೆಸರು ಕೆಳಗೆ ಇರಲೇಬೇಕು. ಮೊದಮೊದಲು ಸರದಿಯ ಮೇಲೆ ಬರೆಯುತ್ತಿದ್ದೆ. ಅದು ಜಗಳಕ್ಕೆ ದಾರಿಯಾಯಿತು. ನೀರಿನ ಟ್ಯಾಂಕಿಗೆ ತಮ್ಮ ಹೆಸರು ಹಾಕಲಿಲ್ಲವೆಂದು ಒಬ್ಬರು ಮುನಿಸಿಕೊಂಡರೆ, ಶೌಚಾಲಯಕ್ಕೆ ತಮ್ಮ ಹೆಸರು ಹಾಕಿದ್ದೇಕೆಂದು ಇನ್ನೊಬ್ಬರು ಮೇಜು ಗುದ್ದಿದರು. ಕೊನೆಗೆ ಬೇಸತ್ತು, ಹೆಸರು ಹಾಕಿದರೂ ಹಾಕದಿದ್ದರೂ ತಲೆ ಕೆಡಿಸಿಕೊಳ್ಳದ ಇಬ್ಬರನ್ನು ಹುಡುಕಿಕೊಂಡೆ.

ಸೂಚಕರಾಗಿ ಸಿಕ್ಕವರು ನಾಲ್ಕನೇ ವಾರ್ಡಿನ ದೊಡ್ಡಮಲ್ಲಪ್ಪನವರು. ಎಪ್ಪತ್ತು ದಾಟಿದವರು, ಹೊಲ ತೋಟ ಚೆನ್ನಾಗಿರುವವರು. ಹಣೆ ತುಂಬ ವಿಭೂತಿ ಧರಿಸಿ ಎಲ್ಲರಿಗಿಂತ ಮೊದಲು ಬಂದು, ಫ್ಯಾನಿನ ಕೆಳಗಿನ ಕುರ್ಚಿ ಹಿಡಿದು, ಮೊದಲನೇ ವಿಷಯಕ್ಕೇ ನಿದ್ದೆ ಹೋಗಿ, ಕಾಫಿಗೆ ಎದ್ದು, ಲೋಟ ಕೆಳಗಿಟ್ಟು ಮತ್ತೆ ನಿದ್ದೆ ಮುಂದುವರಿಸುವವರು.

ಅನುಮೋದಕರಾಗಿ ಸಿಕ್ಕಿದ್ದು ಒಂಬತ್ತನೇ ವಾರ್ಡಿನ ಚಿಕ್ಕಬಸಮ್ಮ. ನಾಯಕರ ಬೀದಿಯ ಹೆಂಗಸು, ಐವತ್ತೈದರ ಆಸುಪಾಸು. ವಾರ್ಡಿಗೆ ಮೀಸಲಾತಿ ಬಂದಾಗ ಬೀದಿಯ ಹೆಂಗಸರೆಲ್ಲ ಸೇರಿ ಈಕೆಯನ್ನು ನಿಲ್ಲಿಸಿ ಗೆಲ್ಲಿಸಿದ್ದರು. ಗೆದ್ದ ಮೇಲೂ ಆಕೆ ಈರುಳ್ಳಿ ಹಸನು ಮಾಡುವ ಕೂಲಿ ಬಿಡಲಿಲ್ಲ. ಸಭೆಯ ದಿನ ಎಷ್ಟು ಕೈ ತೊಳೆದು ಬಂದರೂ ಈರುಳ್ಳಿಯ ವಾಸನೆ ಆಕೆಗಿಂತ ಮೊದಲೇ ಒಳಗೆ ಬರುತ್ತಿತ್ತು. ಬಾಗಿಲ ಪಕ್ಕದ ಕೊನೆಯ ಕುರ್ಚಿಯ ತುದಿಯಲ್ಲಿ ಕೂತು, ತಿಂಡಿಯ ಪೊಟ್ಟಣವನ್ನು ಬಿಚ್ಚದೆ ಮೊಮ್ಮಗುವಿಗೆಂದು ಸೆರಗಿನಲ್ಲಿ ಕಟ್ಟಿಕೊಂಡು, ತನ್ನ ಹೆಸರಿನ ಐದು ಅಕ್ಷರವನ್ನು ನಿಧಾನವಾಗಿ ಬರೆದು ಹೋಗುತ್ತಿದ್ದಳು. ಮೂರು ವರ್ಷದಲ್ಲಿ ಆಕೆ ಸಭೆಯಲ್ಲಿ ಒಂದು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಮಾತಾಡದವರ ಬಾಯಿಗೆ ಮಾತು ಹಾಕುವುದು ಬಲು ಸುಲಭ. ಮೊದಲು ಬರೀ ಹೆಸರು ಹಾಕುತ್ತಿದ್ದೆ, ಆಮೇಲೆ ಅದೇ ಚಟವಾಯಿತು. ಬೀದಿದೀಪದ ವಿಷಯ ಬಂದರೆ ಚಿಕ್ಕಬಸಮ್ಮ ಎಲ್‌ಇಡಿ ಬಲ್ಬಿನ ಬಾಳಿಕೆಯ ಕಡೆಗೆ ‘ಸಭೆಯ ಗಮನ ಸೆಳೆದರು’. ಗ್ರಂಥಾಲಯದ ವಿಷಯ ಬಂದರೆ ಯುವಜನರಲ್ಲಿ ಓದುವ ಹವ್ಯಾಸ ಕುಗ್ಗುತ್ತಿರುವ ಬಗ್ಗೆ ‘ಕಳವಳ ವ್ಯಕ್ತಪಡಿಸಿದರು’. ಹೀಗೆ ಕಣ್ಣು ಬಿಡದವರೊಬ್ಬರು, ಬಾಯಿ ಬಿಡದವರೊಬ್ಬರು ಸೇರಿ ಮೂರು ವರ್ಷ ಸೀಗೆಪುರವನ್ನು ಆಳಿದರು. ನನಗೆ ಅದು ತಪ್ಪು ಎಂದು ಒಂದು ದಿನವೂ ಅನ್ನಿಸಲಿಲ್ಲ. ಅಚ್ಚುಕಟ್ಟು ಎಂದೇ ಅನ್ನಿಸಿತ್ತು.

ಹೀಗಿರುವಾಗ ವಿಷಯ ಹನ್ನೊಂದು ಬಂತು. ಗುಂಡ್ಲುಪೇಟೆಯಲ್ಲಿ ತರಕಾರಿ ಮಂಡಿ ಇಟ್ಟಿರುವ ರಾಜಶೇಖರ್ ನಮ್ಮ ಅಧ್ಯಕ್ಷರು. ಕೇರಳಕ್ಕೆ ಹೋಗುವ ಲಾರಿಗಳು ನಮ್ಮ ಪೇಟೆ ಬೀದಿಯ ಎರಡೂ ಬದಿ ನಿಂತು ಬಸ್ಸುಗಳಿಗೆ ದಾರಿಯೇ ಇಲ್ಲದಂತಾಗಿತ್ತು. ಅದಕ್ಕೆ ಒಂಬತ್ತನೇ ವಾರ್ಡಿನ ಅಂಚಿನಲ್ಲಿರುವ ಹೊಂಗೆ ಬಯಲನ್ನು ಲಾರಿ ನಿಲ್ದಾಣ ಮಾಡುವುದೆಂದು ಅವರು ವಿಷಯಸೂಚಿಯಲ್ಲಿ ಸೇರಿಸಿದರು. ಇಂಜಿನಿಯರ್ ಟಿಪ್ಪಣಿಯಲ್ಲಿ ‘ಉಪಯೋಗವಿಲ್ಲದೆ ಬಿದ್ದಿರುವ ಖಾಲಿ ಜಾಗ’ ಎಂದಿತ್ತು.

ಆ ಬಯಲಿನ ಹೊಂಗೆ ಮರಗಳ ನೆರಳಲ್ಲಿ ದಿನಾ ಅರವತ್ತು ಹೆಂಗಸರು ಕೂತು, ರೈತರು ತಂದು ಸುರಿದ ಸಣ್ಣ ಈರುಳ್ಳಿಯ ಬೇರು, ಒಣಗಿದ ಗರಿ ಕೊಯ್ದು, ದಪ್ಪ ಸಣ್ಣ ಬೇರೆ ಮಾಡಿ ಮೂಟೆಗೆ ತುಂಬುತ್ತಾರೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ದಿನಾ ಅದೇ ದಾರಿಯಲ್ಲಿ ಸ್ಕೂಟರಿನಲ್ಲಿ ಬರುವವನು ನಾನು, ಅಲ್ಲಿ ಹಾರುವ ಸಿಪ್ಪೆ ನನ್ನ ಕನ್ನಡಕಕ್ಕೆ ಅಂಟುತ್ತದೆ. ಆದರೆ ಬುಧವಾರ ಮಧ್ಯಾಹ್ನ ಪುಸ್ತಕದ ಮುಂದೆ ಕೂತಾಗ ನನ್ನ ಕಣ್ಣಿಗೆ ಬಿದ್ದದ್ದು ಟಿಪ್ಪಣಿ ಮಾತ್ರ. ಬರೆದುಬಿಟ್ಟೆ: ‘ಸದರಿ ಬಯಲನ್ನು ಲಾರಿ ನಿಲ್ದಾಣಕ್ಕೆ ಕಾಯ್ದಿರಿಸಲು ತೀರ್ಮಾನಿಸಲಾಯಿತು. ಸೂಚಕರು: ಶ್ರೀ ದೊಡ್ಡಮಲ್ಲಪ್ಪ. ಅನುಮೋದಕರು: ಶ್ರೀಮತಿ ಚಿಕ್ಕಬಸಮ್ಮ. ಇದು ತಮ್ಮ ವಾರ್ಡಿನ ಮಹಿಳೆಯರ ಬಹುದಿನದ ಬೇಡಿಕೆಯಾಗಿತ್ತೆಂದು ತಿಳಿಸಿ ಸದಸ್ಯೆಯವರು ಹರ್ಷ ವ್ಯಕ್ತಪಡಿಸಿದರು.’

ಗುರುವಾರ ನಿಜವಾದ ಸಭೆಯಲ್ಲಿ ಆರನೇ ವಾರ್ಡಿನ ಸೋಮೇಶ್, ಕಾಫಿಯನ್ನು ಸ್ಟೀಲ್ ಲೋಟದಲ್ಲಿ ಕೊಡದೆ ಪೇಪರ್ ಕಪ್ಪಿನಲ್ಲಿ ಕೊಟ್ಟದ್ದಕ್ಕೆ ಅಧ್ಯಕ್ಷರ ಮೇಲೆ ಹರಿಹಾಯ್ದರು. ಮುಕ್ಕಾಲು ಗಂಟೆ ಅದೇ ಆಯಿತು. ಉಳಿದ ವಿಷಯಗಳನ್ನು ಅಧ್ಯಕ್ಷರು ‘ಹತ್ತು, ಹನ್ನೊಂದು, ಹನ್ನೆರಡು, ಎಲ್ಲ ಆಯ್ತಲ್ಲ?’ ಎಂದರು, ಎಲ್ಲರೂ ‘ಆಯ್ತು ಆಯ್ತು’ ಎಂದರು. ಚಿಕ್ಕಬಸಮ್ಮ ಆಗ ಪೊಟ್ಟಣ ಕಟ್ಟಿಕೊಳ್ಳುತ್ತಿದ್ದಳು.

ಮೂರು ವಾರದ ಮೇಲೆ ಬಯಲಲ್ಲಿ ಬೋರ್ಡು ನೆಟ್ಟರು, ಅದರ ಕಂಬಕ್ಕೆ ನಿರ್ಣಯದ ಪ್ರತಿಯೊಂದನ್ನು ಅಂಟಿಸಿದರು. ಈರುಳ್ಳಿ ಹಸನು ಮಾಡುವವರಲ್ಲಿ ಪಿಯುಸಿ ಓದಿದ ಪುಟ್ಟಿ ಎಂಬ ಹುಡುಗಿಯೊಬ್ಬಳಿದ್ದಳು. ಅವಳು ಕುಡುಗೋಲು ಕೆಳಗಿಟ್ಟು ಎದ್ದು ಹೋಗಿ, ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದಳಂತೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಚಿಕ್ಕಬಸಮ್ಮ ಕಚೇರಿಗೆ ಬಂದಳು. ಉಳಿದವರು ಊಟಕ್ಕೆ ಹೋಗಿದ್ದರು. ನನ್ನ ಮೇಜಿನ ಮುಂದೆ ನಿಂತಳು.

“ಸ್ವಾಮ್ಯೋರೆ, ವಸಿ ಆ ಪುಸ್ತಕ ಓದೇಳಿ.”

“ಯಾವ ಪುಸ್ತಕನಮ್ಮಾ?”

“ನಾ ಮಾತಾಡಿರ ಪುಸ್ತಕ.”

ಇಪ್ಪತ್ತಾರು ವರ್ಷದ ಅಭ್ಯಾಸ ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿಟ್ಟಿತ್ತು. “ಅದು ಕಚೇರಿ ದಾಖಲೆ. ಸುಮ್ಮನೆ ಓದೋಕೆ ಬರಲ್ಲ. ಅರ್ಜಿ ಕೊಡಬೇಕು, ಮೂವತ್ತು ದಿನ ಆಗುತ್ತೆ.”

“ಮೂವತ್ತು ದಿನ ನಾ ಎಲ್ಲಿಗೋಗ್ಲಿ ಸ್ವಾಮಿ? ಬಯಲ್ಗೋದ್ರೆ ಯಾರೂ ಮಾತಾಡ್ಸಕಿಲ್ಲ. ನಾ ಕುಂತ್ಕಂಡ್ರೆ ಎದ್ದು ಅತ್ಲಾಗೋಯ್ತರೆ. ಎಲೆ ಅಡ್ಕೆ ಚೀಲ ಕೈಯಿಂದ ಕೈಗೆ ಬತ್ತದೆ, ನನ್ ತಾವ್ಕೆ ಬಂದಾಗ ನನ್ ಬುಟ್ಟು ಮುಂದಕ್ಕೋಯ್ತದೆ. ಇಪ್ಪತ್ತೊರ್ಸ ಒಂದೇ ಚೀಲ್ದಲ್ಲಿ ಆಕ್ಕಂಡವ್ರು ಕಣ್ ಸ್ವಾಮಿ ನಾವು.” ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾ ಅರ್ಸ ವ್ಯಕ್ತಪಡಿಸ್ದೆ ಅಂತ ಪುಟ್ಟಿ ಓದುದ್ಲು. ಅರ್ಸ ಅಂದ್ರೆ ಏನಮ್ಮಿ ಅಂತ ಅವಳ್ನೇ ಕೇಳ್ದೆ. ಕುಸಿ ಕಣತ್ತೆ ಅಂದ್ಲು. ನಾ ಯಾವತ್ತು ಸ್ವಾಮಿ ಕುಸಿ ಪಟ್ಟೆ?”

ಎದ್ದು ಬಾಗಿಲು ಮುಂದೆ ಮಾಡಿ, ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಪುಸ್ತಕ ತೆಗೆದೆ. ಮೂರು ವರ್ಷದ ಹಿಂದಿನ ಮೊದಲ ಸಭೆಯಿಂದ ಓದತೊಡಗಿದೆ. ಎಲ್‌ಇಡಿ ಬಲ್ಬಿನ ಬಾಳಿಕೆ ಓದಿದೆ.

“ಇದ ನಾನೇಳಿದ್ನಾ?”

“ಹೌದಮ್ಮಾ.”

“ಚೆಂದಾಗೇ ಏಳಿವ್ನಿ ಬುಡಿ. ಮುಂದಕ್ಕೋದಿ.”

ಬಜೆಟ್ಟಿಗಾಗಿ ಸರ್ಕಾರಕ್ಕೆ ಅಭಿನಂದನೆ ಸಲ್ಲಿಸಿದ್ದು ಓದಿದೆ. ಬಜೆಟ್ಟು ಅಂದರೇನೆಂದು ಕೇಳಿದಳು, ಹೇಳಿದೆ. ಗ್ರಂಥಾಲಯದ ಕಳವಳ ಓದಿದಾಗ ಬಾಯಿಗೆ ಸೆರಗು ಹಿಡಿದು ನಕ್ಕಳು. ಊರಿನ ಹಂದಿಗಳನ್ನು ಹಿಡಿಸುವ ನಿರ್ಣಯಕ್ಕೆ ಬಂದಾಗ ನಗು ನಿಂತಿತು.

“ನಮ್ ಬೀದಿ ಅಂದಿನೇ ಅಲ್ವಾ ಸ್ವಾಮಿ ಇಡ್ಕಂಡೋದದ್ದು? ಮಾರಯ್ಯನ ಎಂಡ್ತಿ ಊಟ ಬುಟ್ಟು ಅತ್ಲು. ಅದೂ ನಾನೇನಾ?”

“ಅದೂ ನೀವೇ.”

ಆಕೆ ಬೆರಳಿನಿಂದ ಹಾಳೆಯನ್ನು ಮೆಲ್ಲಗೆ ಮುಟ್ಟಿ ಕೇಳಿದಳು. “ಇಷ್ಟೆಲ್ಲ ಮಾತಾಡಿವ್ನಲ್ಲ, ನಮ್ ಬೀದಿ ನಲ್ಲಿ ಇಸ್ಯ ಎಲ್ಲಾದ್ರೂ ಮಾತಾಡಿದ್ದೀನಾ ನೋಡಿ. ಎಲ್ಡೊರ್ಸದಿಂದ ನೀರು ಬಂದಿಲ್ಲ ಅದ್ರಲ್ಲಿ.”

ನೋಡಿದೆ. ಹಾಳೆ ಹಾಳೆ ತಿರುಗಿಸಿ ನೋಡಿದೆ. ಮೂವತ್ತೇಳು ಸಭೆಗಳಲ್ಲಿ ಚಿಕ್ಕಬಸಮ್ಮ ಲೋಕದ ಎಲ್ಲ ವಿಷಯದ ಬಗ್ಗೆ ಮಾತಾಡಿದ್ದಳು, ತನ್ನ ಬೀದಿಯ ನಲ್ಲಿಯೊಂದನ್ನು ಬಿಟ್ಟು. ಅದು ವಿಷಯಸೂಚಿಯಲ್ಲಿ ಬಂದಿರಲಿಲ್ಲ, ನಾನು ಕೇಳಿರಲಿಲ್ಲ.

“ಇಲ್ಲಮ್ಮಾ,” ಎಂದೆ. ನನಗೆ ನಾಚಿಕೆಯಾಯಿತು. ಬೇರೆ ಹೇಗೆ ಹೇಳಬೇಕೋ ತಿಳಿಯದು. ಆ ಮುದ್ದಾದ ಅಕ್ಷರ ನೋಡಿ ನನಗೇ ಹೇಸಿಗೆಯಾಯಿತು.

ಆ ನಾಚಿಕೆಯಲ್ಲೇ ಇರಬೇಕು, ಹೇಳಬಾರದ್ದನ್ನು ಹೇಳಿಬಿಟ್ಟೆ. ಪ್ರತಿ ಸಭೆಯ ಮೊದಲನೇ ವಿಷಯ ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು. ಯಾರೂ ಓದಿಸುವುದಿಲ್ಲ, ‘ಆಯ್ತು ಆಯ್ತು’ ಎಂದು ಮುಂದಕ್ಕೆ ಹೋಗುತ್ತಾರೆ. ಆದರೆ ಯಾವ ಸದಸ್ಯರೇ ಆಗಲಿ ಎದ್ದು ನಿಂತು, ಇದನ್ನು ನಾನು ಹೇಳಲಿಲ್ಲ ಎಂದರೆ ತಿದ್ದಲೇಬೇಕು. ಒಮ್ಮೆ ದೃಢೀಕರಿಸಿದರೆ ಮುಗಿಯಿತು, ಆಮೇಲೆ ತೆಗೆಸುವುದು ದೊಡ್ಡ ಪಡಿಪಾಟಲು. ಬರುವ ಗುರುವಾರ ಒಂದೇ ಅವಕಾಶ.

“ಎದ್ದು ಮಾತಾಡ್ಬೇಕಾ?” ಆಕೆಯ ಮುಖ ಸಪ್ಪಗಾಯಿತು. “ನಂಗೆ ಅಷ್ಟು ಜನ ಗಂಡಸ್ರ ಮುಂದೆ ನಾಲ್ಗೆ ಒಳ್ಳಕಿಲ್ಲ ಸ್ವಾಮಿ. ನೀವೇ ಏನಾರ ಬರಕೊಡಿ. ನನ್ ಮಾತು ಬರದು ರೂಢಿ ಐತಲ್ಲ ನಿಮ್ಗೆ.”

ಬರೆದುಕೊಟ್ಟೆ. ಅರ್ಧ ಪುಟ, ನನ್ನ ಜೀವಮಾನದಲ್ಲೇ ಒಳ್ಳೆಯ ಅರ್ಧ ಪುಟ. ‘ಸನ್ಮಾನ್ಯ ಅಧ್ಯಕ್ಷರೇ, ಸದರಿ ನಿರ್ಣಯದಲ್ಲಿ ನನ್ನ ಹೆಸರಿನಲ್ಲಿ ನಮೂದಾಗಿರುವ ಅಭಿಪ್ರಾಯವು ವಾಸ್ತವಾಂಶಗಳಿಗೆ ವ್ಯತಿರಿಕ್ತವಾಗಿದ್ದು’ ಎಂದು ಶುರುವಾಗುತ್ತಿತ್ತು. ನಾನು ಓದುತ್ತ ಹೋದೆ, ಆಕೆ ನನ್ನ ಹಿಂದೆ ಹೇಳುತ್ತ ಬಂದಳು. ‘ವ್ಯತಿರಿಕ್ತ’ಕ್ಕೆ ಮೂರು ಸಲ ನಿಂತಳು. ನಾಲ್ಕನೇ ಸಲ ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟಳು.

“ಬ್ಯಾಡ ಬು‍ಡಿ. ಇದೂ ನೀವೇ ಮಾತಾಡ್ದಂಗಾಯ್ತು.”

ಆಕೆ ಹೋದ ಮೇಲೆ ನನಗೆ ಬುದ್ಧಿ ಬಂತು. ಆಕೆ ಎದ್ದು ನಿಂತರೆ ಮೊದಲು ಉರುಳುವುದು ನನ್ನ ತಲೆ. ಏಳು ತಿಂಗಳು ಕಣ್ಣು ಮುಚ್ಚಿ ಕಳೆದಿದ್ದರೆ ಹಾರ, ಶಾಲು, ಹಣ್ಣಿನ ಬುಟ್ಟಿ, ‘ಇಂಥ ಗುಮಾಸ್ತ ಮತ್ತೆ ಹುಟ್ಟುವುದಿಲ್ಲ’ ಎಂಬ ಭಾಷಣ ಎಲ್ಲ ಸಿಗುತ್ತಿತ್ತು. ಆಕೆಗೆ ನಾಲಿಗೆ ಹೊರಳದಿರಲಿ ಎಂದು ಅಂದುಕೊಂಡೆ. ಮರುಕ್ಷಣವೇ, ಹೀಗೆ ಅಂದುಕೊಳ್ಳುವ ನಾನು ಎಂಥ ಮನುಷ್ಯ ಎಂದೂ ಅಂದುಕೊಂಡೆ. ಎರಡರ ನಡುವೆ ಬುಧವಾರ ಬಂತು. ಊಟ ಮಾಡಿ ಬಂದು, ಪೆನ್ನಿಗೆ ಇಂಕು ತುಂಬಿಸಿ, ದಿನಾಂಕ ಹಾಕಿ ಕೂತೆ. ಕೈ ಓಡಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಖಾಲಿ ಹಾಳೆ ಹಿಡಿದು ಸಭೆಗೆ ಹೋದೆ. ಅಂಗಿ ಹಾಕಿಕೊಳ್ಳದೆ ಪೇಟೆಗೆ ಬಂದ ಹಾಗಿತ್ತು.

ಗುರುವಾರ ಹನ್ನೊಂದು ಕಾಲಿಗೆ ಕೋರಂ ಆಯಿತು. ಅಧ್ಯಕ್ಷರ ಪಕ್ಕದಲ್ಲಿ ಮುಖ್ಯಾಧಿಕಾರಿ ಪವಿತ್ರ ಮೇಡಂ ಕೂತಿದ್ದರು. ಹಾಸನದ ಕಡೆಯವರು, ಬಂದು ಎರಡು ವಾರವಾಗಿತ್ತು, ಇನ್ನೂ ಎಲ್ಲವನ್ನೂ ಓದಿ ಸಹಿ ಮಾಡುವ ವಯಸ್ಸು. ದೊಡ್ಡಮಲ್ಲಪ್ಪನವರು ಫ್ಯಾನಿನ ಕೆಳಗೆ ಆಗಲೇ ಕತ್ತು ವಾಲಿಸಿದ್ದರು. ಚಿಕ್ಕಬಸಮ್ಮ ಕೊನೆಯ ಕುರ್ಚಿಯಲ್ಲಿದ್ದಳು.

“ವಿಷಯ ಒಂದು, ಹಿಂದಿನ ನಡಾವಳಿ,” ಎಂದರು ಅಧ್ಯಕ್ಷರು. “ಓದಿ ದೃಢೀಕರಿಸಿದ್ದು. ಆಯ್ತಲ್ಲ?”

“ಆಯ್ತು ಆಯ್ತು.”

ಕುರ್ಚಿ ನೆಲಕ್ಕೆ ಉಜ್ಜಿದ ಸದ್ದಾಯಿತು. ಚಿಕ್ಕಬಸಮ್ಮ ಎದ್ದು ನಿಂತಿದ್ದಳು. ಕಾಫಿ ತರಲು ಹೋಗುತ್ತಿದ್ದಾಳೆ ಎಂದುಕೊಂಡು ಒಬ್ಬರು ದಾರಿ ಬಿಟ್ಟರು. ಆಕೆ ಹೋಗಲಿಲ್ಲ. ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಕೂತುಬಿಡಲಿ ಎಂದು ನನ್ನೊಳಗಿನ ಒಬ್ಬ ಬೇಡಿಕೊಂಡ, ಕೂರಬಾರದು ಎಂದು ಇನ್ನೊಬ್ಬ.

“ಓದ್ಸಿ,” ಎಂದಳು.

“ಏನಮ್ಮಾ?” ಎಂದರು ಅಧ್ಯಕ್ಷರು. ಆಕೆಯ ದನಿ ಹೇಗಿದೆಯೆಂದೇ ಅವರಿಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

“ಓದಿ ಅಂತ ನೀವೇ ಅಂದ್ರಲ್ಲ. ಯಾರೂ ಓದ್ನಿಲ್ಲ. ಓದ್ಸಿ.”

ಪವಿತ್ರ ಮೇಡಂ ನನ್ನ ಕಡೆ ತಿರುಗಿ, “ಸದಸ್ಯರು ಕೇಳಿದ್ರೆ ಓದಲೇಬೇಕು. ಓದಿ ಶಿವರುದ್ರಸ್ವಾಮಿ,” ಎಂದರು.

ಎದ್ದು ನಿಂತು ಓದಿದೆ. ಎರಡನೇ ವಿಷಯಕ್ಕೇ ಸಭೆ ಕೆಟ್ಟಿತು. ‘ಅಧ್ಯಕ್ಷರ ಕಾರ್ಯವೈಖರಿಯನ್ನು ಸೋಮೇಶ್ ರವರು ಮುಕ್ತಕಂಠದಿಂದ ಶ್ಲಾಘಿಸಿದರು’ ಎಂದು ಬಂತು. ಪೇಪರ್ ಕಪ್ಪಿನ ಸೋಮೇಶ್ ಹೌಹಾರಿ ಎದ್ದರು.

“ನಾನಾ? ಇವರನ್ನಾ? ಅವತ್ತು ನಾನು ಇವರನ್ನ ಬೈದು ಹೋದದ್ದು ಬಸ್ ಸ್ಟ್ಯಾಂಡ್‌ವರೆಗೂ ಕೇಳಿತ್ತು.”

“ಶ್ಲಾಘಿಸಿದ್ರೆ ಏನು ಕಳಕೊಂಡೆ ಬುಡಯ್ಯ,” ಎಂದರು ಅಧ್ಯಕ್ಷರು. ಅವರಿಗೆ ಆ ಸಾಲು ಹಿಡಿಸಿತ್ತು.

ಮೂರನೇ ವಿಷಯದಲ್ಲಿ ಇನ್ನೊಬ್ಬ ಸದಸ್ಯರು ತಮ್ಮದೇ ಕಟ್ಟಡದ ಒತ್ತುವರಿ ತೆರವಿಗೆ ಒತ್ತಾಯಿಸಿದ್ದು ಗೊತ್ತಾಗಿ ತಲೆ ಮೇಲೆ ಕೈ ಹೊತ್ತರು. ನಾಲ್ಕು, ಐದು, ಆರು, ಎಲ್ಲದಕ್ಕೂ ‘ಸೂಚಕರು: ದೊಡ್ಡಮಲ್ಲಪ್ಪ’ ಎಂದು ಓದುತ್ತ ಹೋದಂತೆ, ಹೆಸರು ಕಿವಿಗೆ ಬಿದ್ದು ಬಿದ್ದು ದೊಡ್ಡಮಲ್ಲಪ್ಪನವರಿಗೆ ಎಚ್ಚರವಾಯಿತು.

“ಇಷ್ಟನ್ನೂ ನಾನೇ ಸೂಚಿಸಿದ್ನಾ?” ಎಂದು ಕಣ್ಣುಜ್ಜಿಕೊಂಡರು. “ನಮ್ ಮನೇವ್ಳು, ಸಬೇಗೋಗಿ ಮನೀಕತೀಯ ಅಂತ ದಿನಾ ಅಂಗಿಸ್ತಾಳೆ. ಇದ್ನ ಒಂದು ಕಾಪಿ ಮಾಡ್ಸಿ ಕೊಡಪ್ಪ ಸ್ವಾಮಿ.”

ಹನ್ನೊಂದಕ್ಕೆ ಬಂದೆ. ಓದಿದೆ. ‘ಹರ್ಷ ವ್ಯಕ್ತಪಡಿಸಿದರು’ ಎಂಬುದನ್ನು ಮೆಲ್ಲಗೆ ಓದಬೇಕೆಂದುಕೊಂಡಿದ್ದೆ. ಗಟ್ಟಿಯಾಗಿಯೇ ಬಂತು.

“ಇದ ನಾ ಏಳ್ನಿಲ್ಲ,” ಎಂದಳು ಚಿಕ್ಕಬಸಮ್ಮ.

“ಸಹಿ ಹಾಕಿದ್ದೀರಲ್ಲಮ್ಮ ಕೆಳಗೆ,” ಎಂದರು ಅಧ್ಯಕ್ಷರು.

“ಸಹಿ ಆಕಿರದು ನಾನೇ. ಮಾತಾಡಿರದು ಅವ್ರು.” ಬೆರಳು ಮಾಡಿ ನನ್ನನ್ನು ತೋರಿಸಿದಳು. ನಾಲಿಗೆ ಹೊರಳಿತ್ತು. ಇನ್ನು ಅದು ನಿಲ್ಲುವಂತಿರಲಿಲ್ಲ. “ಆ ಬಯಲು ಕಾಲಿ ಐತೆ ಅಂತ ಬರ್ದವ್ರೆ. ಅರವತ್ತು ಜನ ಕೂತಿರ್ತೀವಿ, ನಾವು ಕಾಣಾಕಿಲ್ವಾ? ಮಳೆ ಬಂದ್ರೂ ಬಿಸ್ಲು ಬಂದ್ರೂ ಆ ಮರ್ದ ಬುಡ್ದಲ್ಲೇ ನಮ್ ಅನ್ನ. ಅಧ್ಯಕ್ಷ್ರೇ, ನಿಮ್ ಮಂಡಿಗೆ ಬರ ಈರುಳ್ಳಿನೂ ನಾವೇ ಅಸನು ಮಾಡದು. ಅಲ್ಲಿ ಲಾರಿ ನಿಲ್ಸ್‌ಬುಟ್ರೆ, ಲಾರಿಗೆ ತುಂಬಕೆ ಏನ್ ತತ್ತೀರಿ?”

ಅಧ್ಯಕ್ಷರು ಕೆಟ್ಟವರಲ್ಲ. ಲೆಕ್ಕ ಬಲ್ಲ ವ್ಯಾಪಾರಸ್ಥರು, ಹಸನಾಗದ ಈರುಳ್ಳಿ ಕೇರಳದ ಬತ್ತೇರಿ ಮಾರುಕಟ್ಟೆಯಿಂದ ಹೇಗೆ ವಾಪಸಾಗುತ್ತದೆಂದು ಅವರಿಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪವಿತ್ರ ಮೇಡಂ ಮಾತ್ರ ನನ್ನನ್ನೇ ನೋಡುತ್ತಿದ್ದರು. “ಈ ನಡಾವಳಿ ಯಾವಾಗ ಬರೆದ್ರಿ?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಹಿಂದಿನ ದಿನ, ಮೇಡಂ.”

“ಸಭೆಗೆ ಹಿಂದಿನ ದಿನವಾ?”

“ಹೌದು.”

“ಎಷ್ಟು ದಿನದಿಂದ ಹೀಗೆ?”

“ಸೇವೆಗೆ ಸೇರಿದಾಗಿನಿಂದ.”

ಅಧ್ಯಕ್ಷರೇ ಸಾವರಿಸಿಕೊಂಡು, “ಆಗಿದ್ದಾಯ್ತು. ಪೇಟೆ ಬೀದೀಲಿ ಲಾರಿ ಕಾಟ ಇರೋದಂತೂ ನಿಜ. ಈಗ ಸರಿಯಾಗಿ ಮಾಡೋಣ. ವಿಷಯ ಹನ್ನೊಂದಕ್ಕೆ ಸೂಚಕರು ಯಾರು?” ಎಂದರು. ಎಲ್ಲರೂ ದೊಡ್ಡಮಲ್ಲಪ್ಪನವರ ಕಡೆ ತಿರುಗಿದರು. ಅವರು ಇಲ್ಲವೆಂದು ತಲೆಯಾಡಿಸಿದರು.

“ನಾ ಅವತ್ತು ಮನೀಕಂಡಿದ್ದೆ ಕಣಪ್ಪ. ನಂದಲ್ಲ ಅದು.”

“ಬೇರೆ ಯಾರಾದ್ರೂ?”

ಯಾರೂ ಇಲ್ಲ. ಸೋಮೇಶ್ ಫೋನು ನೋಡತೊಡಗಿದರು. ಒತ್ತುವರಿಯವರು ಕಿಟಕಿ ನೋಡತೊಡಗಿದರು. ಬರೆದ ಹೆಸರು ಬಯಲಿನ ಕಂಬದಲ್ಲಿ ಅಂಟುತ್ತದೆ, ಅರವತ್ತು ಹೆಂಗಸರ ಮುಂದೆ ಪುಟ್ಟಿ ಅದನ್ನು ಗಟ್ಟಿಯಾಗಿ ಓದುತ್ತಾಳೆ ಎಂದು ಒಬ್ಬೊಬ್ಬರಿಗೂ ಅರ್ಥವಾಗಿತ್ತು. ಅಧ್ಯಕ್ಷರು ಮೂರು ಸಲ ಕೇಳಿ ಸುಮ್ಮನಾದರು. ಸೂಚಕರೂ ಅನುಮೋದಕರೂ ಇಲ್ಲದ ಕಾರಣ ವಿಷಯ ಕೈಬಿಡಲಾಯಿತು, ಬೋರ್ಡನ್ನು ನಾಳೆಯೇ ಕೀಳಿಸುವುದು ಎಂದು ಮೇಡಂ ಹೇಳಿದರು. ನಾನು ಖಾಲಿ ಹಾಳೆಯ ಮೇಲೆ ಹಾಗೇ ಬರೆದೆ. ಚಿಕ್ಕಬಸಮ್ಮ ಕುರ್ಚಿಗೆ ಒರಗಿ ಕೂತಳು. ಮೂರು ವರ್ಷದಲ್ಲಿ ಆಕೆಯ ಬೆನ್ನು ಆ ಕುರ್ಚಿಗೆ ತಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಸೋಮೇಶ್ ಮತ್ತೆ ಎದ್ದರು. ಸದಸ್ಯರ ಬಾಯಿಗೆ ಮಾತು ಹಾಕಿದ ಗುಮಾಸ್ತನಿಂದ ನಡಾವಳಿ ಪುಸ್ತಕ ಹಿಂಪಡೆದು, ಆತನ ಮೇಲೆ ಶಿಸ್ತುಕ್ರಮಕ್ಕೆ ಶಿಫಾರಸು ಮಾಡಬೇಕು, ಇದಕ್ಕೆ ತಾವೇ ಸೂಚಕರು ಎಂದರು. ಅಧ್ಯಕ್ಷರು ಅನುಮೋದಕರು ಯಾರೆಂದು ಕೇಳಿದರು. ಮತ್ತೆ ಎಲ್ಲರೂ ಸುಮ್ಮನೆ ಕೂತರು. ನನ್ನಿಂದ ಎಲ್ಲರಿಗೂ ಒಂದಲ್ಲ ಒಂದು ಖಾತೆ, ಲೈಸೆನ್ಸು, ಪ್ರಮಾಣಪತ್ರದ ಉಪಕಾರವಾಗಿತ್ತು. ಅನುಮೋದಕರು ಸಿಗದೆ ಇದೂ ಬಿದ್ದುಹೋಗುತ್ತದೆ ಎಂಬ ಆಸೆ ನನಗೆ ಚಿಗುರಿತು. ಅಷ್ಟರಲ್ಲಿ ಎಲ್ಲರ ಕಣ್ಣೂ ಕೊನೆಯ ಕುರ್ಚಿಯ ಕಡೆ ಹೋದವು.

ನಾನೂ ನೋಡಿದೆ. ದಾರಿ ಹೇಳಿಕೊಟ್ಟವನು ನಾನು. ಆಕೆ ಸುಮ್ಮನಿದ್ದರೆ ಸಾಕಿತ್ತು, ಸುಮ್ಮನಿರುವುದು ಆಕೆಗೆ ಹೊಸದೂ ಅಲ್ಲ.

“ಅನುಮೋದನೆ ಅಂದ್ರೆ ಒಪ್ಕಳದು ಅಲ್ವಾ ಸ್ವಾಮ್ಯೋರೆ?” ಎಂದು ಆಕೆ ನನ್ನನ್ನೇ ಕೇಳಿದಳು.

“ಹೌದಮ್ಮಾ.”

“ಮೊದ್ಲು ಓದಿ. ಕೇಳ್ಬುಟ್ಟು ಏಳ್ತೀನಿ.”

ನನ್ನ ಶಿಕ್ಷೆಯನ್ನು ನಾನೇ ಓದಿದೆ. ಆಕೆ ಕೊನೆಯವರೆಗೆ ಕೇಳಿದಳು. ಎದ್ದು ನಿಂತಳು.

“ಒಪ್ತೀನಿ,” ಎಂದಳು. “ಇಂಗೆ ಮಾಡ್ಬಾರ್ದಿತ್ತು ನೀವು. ಮಾರಯ್ಯನ ಎಂಡ್ತಿಗೆ ನಾ ಏನಂತ ಮೊಖ ತೋರ್ಸ್ಲಿ? ಆದ್ರೆ ಕೊನೇಗೆ ದಾರಿ ತೋರ್ಸ್ದೋರೂ ನೀವೇ. ಅದ್ಕೆ ನಂಗೆ ಬೇಜಾರಾಯ್ತದೆ. ಅದ್ನೂ ಬರ್ಕಳಿ.”

“ಅದನ್ನೆಲ್ಲ ನಡಾವಳೀಲಿ ಬರೆಯಲ್ಲಮ್ಮ,” ಎಂದರು ಅಧ್ಯಕ್ಷರು.

“ನಾ ಏಳಿದ್ದಲ್ವಾ?” ಎಂದಳು ಆಕೆ. ಅಧ್ಯಕ್ಷರು ಪವಿತ್ರ ಮೇಡಂ ಮುಖ ನೋಡಿದರು. ಮೇಡಂ ನನಗೆ ಬರೆಯುವಂತೆ ಕೈ ಮಾಡಿದರು.

ಇಪ್ಪತ್ತಾರು ವರ್ಷದಲ್ಲಿ ಆ ಪುಸ್ತಕದಲ್ಲಿ ಬೇಜಾರು ಎಂಬ ಮಾತು ಬಂದಿರಲಿಲ್ಲ. ಅದಕ್ಕೆ ಒಂದು ಕಚೇರಿ ಪದ ಹುಡುಕಲು ಹೊರಟ ತಲೆಯನ್ನು ತಡೆದು, ಆಕೆ ಹೇಳಿದಂತೆಯೇ ಬರೆದೆ: ‘ಅನುಮೋದಕರು: ಶ್ರೀಮತಿ ಚಿಕ್ಕಬಸಮ್ಮ. ಒಪ್ಪುತ್ತೇನೆ, ಆದರೆ ಬೇಜಾರಾಗುತ್ತದೆ ಎಂದು ಹೇಳಿದರು.’ ಬರೆಯುವಾಗ ಕಣ್ಣು ಮಂಜಾಗಿ ಒಂದು ಅಕ್ಷರ ಸೊಟ್ಟಗಾಯಿತು. ಸಭೆ ಮುಗಿದ ಮೇಲೆ ಆಕೆ ನನ್ನ ಮೇಜಿಗೆ ಬಂದು, ಆ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡು, ಪೆನ್ನು ಈಸಿಕೊಂಡು ಸಹಿ ಹಾಕಿದಳು.